ಪೆದ್ದಪ್ಪನ ದನಿಗೊಂದು ಹೆಡ್‌ಫೋನ್

ಗೌನಿಪಲ್ಲಿಯ ಚನ್ನರಾಯಪ್ಪನಿಗೆ ಕಿವಿಯೇ ಆಸ್ತಿ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಯಲ್ಲಿ ಕಾಯಿ ವಿಂಗಡಿಸುತ್ತಾನೆ, ಉಳಿದ ದಿನ ಸಿಕ್ಕ ಕೆಲಸ ಮಾಡುತ್ತಾನೆ. ಆದರೆ ಊರಲ್ಲಿ ಅವನನ್ನು ಮಂಡಿ ಚನ್ನರಾಯಪ್ಪ ಎಂದು ಯಾರೂ ಕರೆಯುವುದಿಲ್ಲ, ಮೃದಂಗದ ಚನ್ನರಾಯಪ್ಪ ಎನ್ನುತ್ತಾರೆ. ಊರಿನ ಭಜನೆ ಮೇಳಕ್ಕೆ ಮೂವತ್ತೆರಡು ವರ್ಷ ಬಾರಿಸಿದ ಕೈ ಅದು. ಬಾರಿಸುವಾಗ ಕಣ್ಣು ಮುಚ್ಚಿಕೊಳ್ಳುವುದು ಅವನ ಅಭ್ಯಾಸ. ಕಣ್ಣು ಬಿಟ್ಟರೆ ತಾಳ ಕೆಡುತ್ತದೆ ಎಂದು ಹೊಸಬರಿಗೆಲ್ಲ ಬುದ್ಧಿ ಹೇಳುತ್ತಿದ್ದ. ಈ ಒಂದು ವರ್ಷದಿಂದ ಆ ಮಾತು ಅವನ ಬಾಯಿಂದ ಬಂದಿಲ್ಲ.

ಮೇಳದ ಗುರು, ಅವನು ಅಣ್ಣ ಎಂದೇ ಕರೆಯುತ್ತಿದ್ದ ಪೆದ್ದಪ್ಪ, ತೀರಿಹೋಗಿ ವರ್ಷವಾಗುತ್ತ ಬಂತು. ಕಳೆದ ರಾಮನವಮಿಯ ಉರಿಬಿಸಿಲ ಮಧ್ಯಾಹ್ನ, ಗುಡಿಯ ಮುಂದಿನ ಚಪ್ಪರದಲ್ಲಿ, ಗೆಜ್ಜೆ ಕಟ್ಟಿ ಹಾಡುತ್ತ ಕುಣಿಯುತ್ತಿದ್ದ ಮನುಷ್ಯ ಹಾಗೇ ಕುಸಿದುಬಿದ್ದ. ಆಟೋಗೆ ಹಾಕಿಕೊಂಡು ಹೊರಟವರು ಅರ್ಧ ದಾರಿಯಿಂದಲೇ ವಾಪಸು ಬಂದರು.

ಆ ಮೇಳದಲ್ಲಿ ಅಜ್ಜಂದಿರ ಕಾಲದ ಕಟ್ಟಳೆಯೊಂದಿದೆ. ಹಾಡಿನ ನಡುವೆ ಗುರು ಮೃದಂಗದವನ ಹೆಸರು ಹಿಡಿದು ಕೂಗಿದರೆ, ಇನ್ನೂ ಏರಿಸು ಎಂದರ್ಥ. ಗುರು ‘ಗೋವಿಂದಾ’ ಎಂದರೆ ಹಾಡು ಮುಗಿಯಿತು. ಗೋವಿಂದ ಕೇಳುವ ತನಕ ಮೃದಂಗದವನು ಕೈ ಇಳಿಸುವಂತಿಲ್ಲ, ಇಳಿಸಿದರೆ ಗುರುವಿಗೆ ಅವಮಾನ. ಅವತ್ತು ಪೆದ್ದಪ್ಪ ಗೋವಿಂದ ಎನ್ನಲೇ ಇಲ್ಲ, ಚನ್ನರಾಯಪ್ಪ ಕೈ ಇಳಿಸಲೂ ಇಲ್ಲ. ಅವನದೇನೂ ತಪ್ಪಿಲ್ಲವೆಂದು ಊರಿಗೆ ಊರೇ ಹೇಳಿತು. ಊರು ಹೇಳಿದರೆ ಸಾಕೆ? ತನ್ನ ಹೆಸರು ಒಂದು ಸಲ ಕಿವಿಗೆ ಬಿದ್ದ ನೆನಪು ಅವನಿಗಿತ್ತು. ಕಟ್ಟಳೆಯ ಪ್ರಕಾರ ಏರಿಸಿದ್ದ. ಅದು ಹುಮ್ಮಸ್ಸಿನ ಕೂಗೋ, ಕೈಲಾಗದೆ ಕರೆದದ್ದೋ? ದಿನಾ ಮುದ್ದೆ ಮುರಿಯುವಾಗ ಈ ಪ್ರಶ್ನೆ ಎದುರಿಗೆ ಬಂದು ಕೂರುತ್ತಿತ್ತು. ಮೈ ಇಳಿದುಹೋಯಿತು. ಮೃದಂಗ ಗೋಣಿಚೀಲದೊಳಗೆ ಸೇರಿತು.

ಹೀಗಿರುವಾಗ ಪೆದ್ದಪ್ಪನ ಹೆಂಡತಿ ಆಂಜಿನಮ್ಮ ಹೇಳಿಕಳಿಸಿದಳು. ಅವತ್ತಿನ ಭಜನೆಯನ್ನು ಸೊಸೆ ಶೋಭಾರಾಣಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಳಂತೆ. ಇಷ್ಟು ದಿನ ಹಾಕಿ ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ವರ್ಷದ ತಿಥಿ ಹತ್ತಿರ ಬಂತೆಂದು ಮುದುಕಿ ಹಾಕಿಸಿ ಕೇಳಿದ್ದಳು. ಫೋನು ಇಟ್ಟಿದ್ದದ್ದು ಮೃದಂಗದ ಪಕ್ಕದ ಕಂಬದ ಬುಡದಲ್ಲಿ, ಕೇಳಿದ್ದೆಲ್ಲ ಬರೀ ಗದ್ದಲ.

“ಅವ್ರ ಗೊಂತೇ ಕೇಳಲ್ಲ ಕಣಪ್ಪಾ,” ಎಂದಳು. ದನಿಗೆ ಆ ಆಂಧ್ರದ ಗಡಿಯ ಜನ ಗೊಂತು ಎಂದೇ ಹೇಳುವುದು. “ಕಿವೀಗ್ ಹಾಕ್ಕೊಳ್ಳೋದು ಬರ್ತದಂತಲ್ಲ, ಒಂದ್ ತಂದ್ಕೊಡು. ಯಾವ್ದು ಒಳ್ಳೇದು ಅಂತ ನಿನ್ನ ಕಿವಿಗಲ್ದೆ ಇನ್ಯಾರ ಕಿವಿಗ್ ಗೊತ್ತಾಗ್ತದೆ?”

ಬಾಯಲ್ಲಿ ಬಿಸಿ ತುಪ್ಪ ಇಟ್ಟಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಶೋಭಾರಾಣಿ ರೆಕಾರ್ಡನ್ನು ಅವನ ಮೊಬೈಲಿಗೂ ಕಳಿಸಿದಳು. ಒಂದು ವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ, ಮುಟ್ಟಲಿಲ್ಲ. ಎಂಟನೆಯ ದಿನ ಕೋಲಾರದ ಬಸ್ಸು ಹತ್ತಿದ.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮುರಳಿಮೋಹನನ ಮೊಬೈಲ್ ಅಂಗಡಿ. ಒಳ್ಳೆಯ ಮನುಷ್ಯ, ಪಂಚೆ ಉಟ್ಟವರನ್ನೂ ಕೂರಿಸಿ ಮಾತಾಡಿಸುತ್ತಾನೆ. ಮೊದಲು ಕಿವಿಯನ್ನೆಲ್ಲ ಮುಚ್ಚುವ ದಪ್ಪನೆಯದೊಂದನ್ನು ಕೊಟ್ಟು, ಬೇಸ್ ಅಂದರೆ ಇದು, ಹತ್ತರಲ್ಲಿ ಒಂಬತ್ತು ಜನ ಇದನ್ನೇ ಒಯ್ಯುತ್ತಾರೆ ಎಂದ. ಚನ್ನರಾಯಪ್ಪ ರೆಕಾರ್ಡ್ ಹಾಕಿದ. ಎಡಗೈಯ ಗುಮ್ಮು ಎದೆಗೇ ಹೊಡೆಯಿತು. ಅಷ್ಟೇ. ಪೆದ್ದಪ್ಪ ಎಲ್ಲೋ ಗೋಡೆಯಾಚೆ ಗೊಣಗುತ್ತಿದ್ದ.

“ಇದಕ್ ರವೆ ಜಾಸ್ತಿ ಆಗೈತೆ,” ಎಂದ ಚನ್ನರಾಯಪ್ಪ.

ಮುರಳಿಮೋಹನನಿಗೆ ತಿಳಿಯಲಿಲ್ಲ. ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತುತ್ತಾರೆ, ಗುಮ್ಮೆನ್ನುವ ಸದ್ದು ಬರುವುದೇ ಅದರಿಂದ. ಹೆಚ್ಚಾದರೆ ಮೃದಂಗ ಮೂಕ, ಕಡಿಮೆಯಾದರೆ ತಗಡು. ಇಷ್ಟನ್ನು ಕೇಳಿಸಿಕೊಂಡ ಮೇಲೆ ಅವನು ತೂತುತೂತಿನ ಹಗುರವಾದದ್ದೊಂದನ್ನು ತೆಗೆದ. ಅದರಲ್ಲಿ ಚಪ್ಪರದ ಗಾಳಿಯೇ ಬೀಸಿದಂತಾಯಿತು, ಹಾಡೂ ಗೆಜ್ಜೆಯೂ ತೇಲಿ ಬಂದವು. ಆದರೆ ಮೃದಂಗ ಡಬ್ಬ ಬಡಿದಂತಿತ್ತು, ಜೊತೆಗೆ ಬೀದಿಯ ಆಟೋಗಳೆಲ್ಲ ಭಜನೆಯೊಳಗೆ ನುಗ್ಗಿದವು. ಚನ್ನರಾಯಪ್ಪನಿಗೆ ಎರಡೂ ಬೇಕಿತ್ತು. ಗುರು ಕೂಗಿದ್ದು ಯಾವಾಗ, ತನ್ನ ಕೈ ಏನು ಮಾಡಿತು, ಎರಡನ್ನೂ ಒಟ್ಟಿಗೆ ಕೇಳಬೇಕಿತ್ತು. ಇನ್ನೂ ನಾಲ್ಕು ತೆಗೆದು, ಹಾಕಿ, ಬೇಡವೆಂದು ತಲೆಯಾಡಿಸಿದ ಮೇಲೆ ಹದವಾದದ್ದೊಂದು ಸಿಕ್ಕಿತು. ಗುಮ್ಮು ತನ್ನ ಜಾಗದಲ್ಲಿತ್ತು. ದನಿ ಅದರ ಮೇಲೆ ತಿಳಿಯಾಗಿ ನಿಂತಿತ್ತು.

ಪೆದ್ದಪ್ಪ ಕೂಗಿದ್ದು ಒಂದು ಸಲವಲ್ಲ, ಮೂರು ಸಲ.

ಮೊದಲನೆಯ ‘ಚನ್ನಾ’ ಎಂದಿನ ಹಾಗೇ ಇತ್ತು. ಮೃದಂಗ ಏರಿತು. ಎರಡನೆಯದು ಅರ್ಧಕ್ಕೆ ತುಂಡಾಯಿತು. ಮೃದಂಗ ಮತ್ತೂ ಏರಿತು. ಆಮೇಲೆ ಗೆಜ್ಜೆ ನಿಂತಿತು. ಏರಿಸು ಎನ್ನುವ ಗುರು ಕುಣಿಯುತ್ತಲೇ ಎನ್ನುತ್ತಾನೆ, ನಿಂತುಕೊಂಡು ಎನ್ನುವುದಿಲ್ಲ. ಗೆಜ್ಜೆ ನಿಂತ ಮೇಲೆ ಬಂದ ಮೂರನೆಯ ಕರೆಯಲ್ಲಿ ಉಸಿರಿತ್ತು, ದನಿ ಇರಲಿಲ್ಲ. ಗೋವಿಂದ ಎನ್ನಲು ತ್ರಾಣವಿಲ್ಲದವನು ಗೆಳೆಯನನ್ನು ಕರೆದಿದ್ದ. ಗೆಳೆಯ ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದ.

ಮುರಳಿಮೋಹನ ನೀರಿನ ಬಾಟಲಿ ಕೊಟ್ಟ. ಚನ್ನರಾಯಪ್ಪನ ಎದುರು ಮೇಜಿನ ಮೇಲೆ ಎರಡಿದ್ದವು, ಆ ಮೊದಲಿನ ದಪ್ಪನೆಯದು ಮತ್ತು ಈ ಹದದ್ದು. ದಪ್ಪನೆಯದನ್ನು ಒಯ್ದರೆ ಆಂಜಿನಮ್ಮನಿಗೆ ಏನೂ ಗೊತ್ತಾಗುವುದಿಲ್ಲ, ರೆಕಾರ್ಡೇ ಸರಿ ಬಂದಿಲ್ಲವೆಂದು ಸುಮ್ಮನಾಗುತ್ತಾಳೆ. ಕೈ ಅದರ ಕಡೆಗೆ ಹೋಯಿತು ಕೂಡ. ಆದರೆ ಆ ಹೆಂಗಸು ಕೇಳಿದ್ದು ಗಂಡನ ದನಿಯೊಂದನ್ನೇ. ಅದಕ್ಕೂ ರವೆ ಮೆತ್ತಿ ಕೊಡುವಷ್ಟು ಅವನು ಕೆಟ್ಟವನಾಗಿರಲಿಲ್ಲ. ಹದದ್ದನ್ನೇ ಕೊಂಡ. ಹಿಂತಿರುಗುವ ಬಸ್ಸಿನಲ್ಲಿ, ಅಣ್ಣ ಕರೆದ, ನಾನು ಕಣ್ಣು ಬಿಡಲಿಲ್ಲ ಎಂಬ ಎರಡು ಮಾತನ್ನು ಊರು ಬರುವ ತನಕ ಉರುಹೊಡೆದ.

ಆಂಜಿನಮ್ಮ ಜಗಲಿಯ ಮೇಲೆ ಸೆರಗು ಸರಿಮಾಡಿಕೊಂಡು ಕೂತು ಹಾಕಿಸಿಕೊಂಡಳು. ಗಂಡನ ದನಿ ಬಂದದ್ದೇ ಅವಳ ಕಣ್ಣಲ್ಲಿ ನೀರು ಸುರಿಯಿತು. ಚನ್ನರಾಯಪ್ಪ ಮೆಟ್ಟಿಲ ಮೇಲೆ ಕೂತು ಮನಸ್ಸಿನಲ್ಲೇ ತಾಳದ ಆವರ್ತ ಎಣಿಸುತ್ತಿದ್ದ. ಆ ಜಾಗ ಬಂತು. ಮುದುಕಿಯ ಮುಖ ಅರಳಿತು.

“ಕೊನೇ ಗಳಿಗೇಲೂ ನಿನ್ನೇ ಕೂಗ್ತಾವ್ರಲ್ಲಪ್ಪಾ. ಒಂದಲ್ಲ, ಮೂರ್ ಸಲ,” ಎಂದಳು. “ನಿನ್ನ ಕೈ ಅಂದ್ರೆ ಅವ್ರಿಗೆ ಪ್ರಾಣ. ಎಷ್ಟ್ ಸಂತೋಷದಾಗೆ ಹೋದ್ರೋ.”

ಭಜನೆಯವನನ್ನು ಕಟ್ಟಿಕೊಂಡು ನಲವತ್ತು ವರ್ಷ ಬಾಳಿದವಳಿಗೆ ಕಟ್ಟಳೆ ಗೊತ್ತಿತ್ತು. ಗೆಜ್ಜೆ ನಿಂತದ್ದನ್ನು ಅವಳು ಗಮನಿಸಲಿಲ್ಲ. ಉರುಹೊಡೆದ ಎರಡು ಮಾತನ್ನು ಆಡಿ, ವರ್ಷದ ಮೇಲೆ ನಕ್ಕವಳ ನಗುವನ್ನು ಕಿತ್ತುಕೊಳ್ಳುವುದು ಚನ್ನರಾಯಪ್ಪನಿಂದಾಗಲಿಲ್ಲ.

“ತಿಥಿ ದಿನ ಅದೇ ಹಾಡು ಬಾರಿಸ್ಬೇಕು ನೀನು,” ಎಂದಳು ಆಂಜಿನಮ್ಮ. “ಅಷ್ಟೇ ಜೋರಾಗಿ.”

“ಆಗ್ಲಿ ವದಿನಮ್ಮಾ,” ಎಂದ, ಅತ್ತಿಗೆಯನ್ನು ಆ ಕಡೆ ಕರೆಯುವ ಹಾಗೆ.

ತಿಥಿಯ ದಿನ ಗೋಣಿಚೀಲದಿಂದ ಮೃದಂಗ ತೆಗೆದು, ರವೆ ಕಲಸಿ ಮೆತ್ತಿ, ಅದೇ ಚಪ್ಪರದ ಜಾಗದಲ್ಲಿ ಕೂತ. ಹಾಡುವವನ ಮುಖದಿಂದ ಒಂದು ಗಳಿಗೆಯೂ ದೃಷ್ಟಿ ತೆಗೆಯದೆ, ಕಣ್ಣು ಬಿಟ್ಟುಕೊಂಡೇ ಮೊದಲಿನಿಂದ ಕೊನೆಯವರೆಗೆ ಬಾರಿಸಿದ. ತಾಳ ಎಲ್ಲಿಯೂ ಕೆಡಲಿಲ್ಲ.