ಫೋಟೊ ತೆರೆಯದ ಭೀಮರಾಜ್
ಕೊಬ್ಬರಿ ವ್ಯಾಪಾರಿ ಗುರುಸಿದ್ದಪ್ಪನ ಅಂದಾಜಿನಲ್ಲಿ, ಅರಸೀಕೆರೆ ಬಸ್‌ಸ್ಟ್ಯಾಂಡ್ ಪಕ್ಕ ಇಂಟರ್‌ನೆಟ್ ಸೆಂಟರ್ ಇಟ್ಟಿರುವ ಭೀಮರಾಜ್ ಅಟ್ಟದ ಮೇಲಿನ ಒಣಕಾಯಿ: ಚಿಪ್ಪಿನಿಂದ ಬಿಟ್ಟುಕೊಂಡು ಒಳಗೆ ಒಬ್ಬನೇ ಗಡಗಡ ಉರುಳುತ್ತಿದ್ದಾನೆ. ಗಿರಾಕಿ ಮೇಲ್‌ನಲ್ಲಿ ಬಂದ ಫೋಟೊ ತೆರೆಯಲು ಹೋದರೆ ಸಾಕು, ಓಡಿಬಂದು ಮೌಸು ಕಿತ್ತುಕೊಳ್ಳುತ್ತಾನೆ. "ಮುಟ್ಟಬೇಡಿ ಕಣ್ರೀ. ಫೋಟೊ ತೋರ್ಸೋ ಪ್ರೋಗ್ರಾಂ ಒಂದು ಸೇರಿಗೆ ಜಾಗ ಇಟ್ಟಿರ್ತದೆ. ಕಳ್ಳರು ಕಳ್ಸಿದ ಫೋಟೊ ಅದಕ್ಕೆ ಎರಡು ಸೇರು ಸುರೀತದೆ. ಚೆಲ್ಲಿದ್ದು ಪಕ್ಕಕ್ಕೆ ನುಗ್ಗಿ ಕಂಪ್ಯೂಟರಿಗೇ ಯಜಮಾನ ಆಯ್ತದೆ." ಮದುವೆಗೆ ಹೆಣ್ಣಿನ ಫೋಟೊ ನೋಡಲು ಗಂಡಸಿ ಊರಿನಿಂದ ಬಂದವರಿಗೂ ಇದೇ ಪಾಠ. "ಹೆಣ್ಣು ನೋಡಕ್ಕೂ ನಿನ್ನ ಅಪ್ಪಣೆ ಬೇಕೇನಪ್ಪಾ?" ಎಂದು ಅವರು ಎದುರಿನ ಸೆಂಟರಿಗೆ ಹೋಗುತ್ತಾರೆ; ಇವನು ಕೀಬೋರ್ಡುಗಳ ಧೂಳು ಒರೆಸುತ್ತಾನೆ. ದೆಹಲಿಯ ಕೊಬ್ಬರಿ ದರ ನೋಡಲು ಬರುವ ಗುರುಸಿದ್ದಪ್ಪನೊಬ್ಬನೇ ಕಾಯಂ ಗಿರಾಕಿ, ಗೇಲಿ ಮಾಡುವುದಕ್ಕೂ ಅವನೇ ಕಾಯಂ. ಕೊನೆಗೆ ಆ ದೋಷ ಸರಿಪಡಿಸಿದ ಹೊಸ ಪ್ರೋಗ್ರಾಂ ಬಂತು. ಭೀಮರಾಜ್ ಅವತ್ತೇ ಹಾಕಿಕೊಂಡ. ಆದರೂ ಅವನನ್ನು ಬಿಟ್ಟುಹೋದ ಹೆಂಡತಿ ಅದೇ ದಿನ ಮೇಲ್‌ನಲ್ಲಿ ಕಳಿಸಿದ, ಅವನಿನ್ನೂ ಕಣ್ಣಲ್ಲಿ ಕಾಣದ ಮಗಳ ಫೋಟೊ ತೆರೆಯದೆ ಹಾಗೇ ಉಳಿಯಿತು. "ಇನ್ನೇನ್ಲಾ ಭಯ?" ಎಂದು ಗುರುಸಿದ್ದಪ್ಪ ಕೆಣಕಿದರೆ, "ಮಗೀನ ಮುಖ ನಂದೇ ಆಗಿದ್ರೆ ತಡ್ಕೊಳಕ್ಕಾಗಲ್ಲ ಕಣಣ್ಣ" ಅಂದ. ಇಷ್ಟು ದಿನ ಅವನನ್ನು ನೋಡಿ ನಕ್ಕಿದ್ದಕ್ಕೆ ಗುರುಸಿದ್ದಪ್ಪ ಕೊಡಬೇಕಾದ್ದು ಒಂದೇ: ಆ ಫೋಟೊ ತೆರೆಯುವ ದಿನ ಅವನ ಪಕ್ಕದಲ್ಲಿ ಕೂತಿರುವುದು.