ಜೀವಕೋಶಗಳಿಗೆ ಬೆಳಗಿನ ಊಟ ಬಡಿಸುವ ಮಿಲಾ ಚಿಕ್ಕಮ್ಮ

"ಇವರು ಬಾಯಿ ಬಿಟ್ಟ ದಿನವೇ ನನ್ನ ಎಂಟು ತಿಂಗಳ ಸಂಶೋಧನೆ ನೆಲ ಕಚ್ಚಿತು. ಅದಕ್ಕೇ ನಿಮಗೆ ಫೋನ್ ಮಾಡಿದ್ದು. ಬರೆಯೋದಾದ್ರೆ ಇವರ ಬಗ್ಗೆ ಬರೀರಿ."

ಹೀಗೆ ಹೇಳಿ ನಗುತ್ತಿರುವವಳು ರಯೆನ್ ಕತ್ರಿಲೆಯೊ, ಇಪ್ಪತ್ತೊಂಬತ್ತು ವರ್ಷದ ಸಂಶೋಧಕಿ. ಹೇಳಿಸಿಕೊಳ್ಳುತ್ತಿರುವವರು ನಮಗೆ ಬೆನ್ನು ಹಾಕಿ ಕೂತಿದ್ದಾರೆ. ತಿರುಗಿಯೂ ನೋಡುವುದಿಲ್ಲ.

"ಸುಮ್ನಿರೆ. ಮೊದಲು ಆ ಬಾಗಿಲು ಹಾಕು. ನೀನು ಹೊಸಿಲ ಮೇಲೆ ನಿಂತು ಹರಟೆ ಹೊಡೆದಷ್ಟು ಹೊತ್ತೂ ನನ್ನ ಮಕ್ಕಳಿಗೆ ಚಳಿ."

ಭಾನುವಾರ ಬೆಳಗ್ಗೆ ಆರು ಗಂಟೆ. ವಾಲ್ಪರೈಸೊ ಊರು ಇನ್ನೂ ಎದ್ದಿಲ್ಲ. ಬಂದರಿನಿಂದ ಮೇಲೆದ್ದ ಮಂಜು ಬೆಟ್ಟದ ಅರ್ಧ ಮನೆಗಳನ್ನು ನುಂಗಿಕೊಂಡಿದೆ, ನಾಯಿಗಳು ಕೂಡ ಮೆಟ್ಟಿಲ ಮೇಲೆ ಮುದುರಿ ಮಲಗಿವೆ. ವಿಶ್ವವಿದ್ಯಾಲಯದ ಈ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಮಾತ್ರ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಅರವತ್ತೊಂದು ವರ್ಷದ ಎಡೆಲ್ಮಿರಾ ಓಯಾರ್ಸೂನ್ ತಮ್ಮ ಮಕ್ಕಳಿಗೆ ಊಟ ಬಡಿಸುತ್ತಿದ್ದಾರೆ. ಈ ಕಟ್ಟಡದಲ್ಲಿ ಅವರ ಪೂರ್ತಿ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವರು ಮಿಲಾ ಚಿಕ್ಕಮ್ಮ.

ಮಕ್ಕಳೆಂದರೆ ಜೀವಕೋಶಗಳು. ಎಂದೋ ಒಂದು ಇಲಿಯ ಚರ್ಮದಿಂದ ತೆಗೆದು, ತಲೆಮಾರಿನ ಮೇಲೆ ತಲೆಮಾರು ಬೆಳೆಸಿಕೊಂಡು ಬಂದವು. ಅಂಗೈಯಷ್ಟೇ ಅಗಲದ ಗಾಜಿನ ತಟ್ಟೆ, ತಟ್ಟೆಯೊಂದರಲ್ಲಿ ಲಕ್ಷಗಟ್ಟಲೆ ಕೋಶಗಳು, ಅಂಥ ಅರವತ್ತನಾಲ್ಕು ತಟ್ಟೆಗಳು. ಮೂವತ್ತೇಳು ಡಿಗ್ರಿ ಶಾಖದ ಪೆಟ್ಟಿಗೆಯಿಂದ ನಾಲ್ಕು ನಾಲ್ಕಾಗಿ ತೆಗೆಯುತ್ತಾರೆ. ಗಾಜಿನ ಕೊಳವೆಯಿಂದ ಹಳೆಯ ದ್ರವ ಹೀರಿ, ಬೆಚ್ಚಗೆ ಮಾಡಿಟ್ಟ ಹೊಸ ದ್ರವವನ್ನು ತಟ್ಟೆಯ ಗೋಡೆಗುಂಟ ಇಳಿಸುತ್ತಾರೆ. ಹೊಸದು ಗುಲಾಬಿ ಬಣ್ಣ, ಹಳೆಯದು ಹಳದಿಗೆ ತಿರುಗಿರುತ್ತದೆ.

"ನೇರ ತಲೆ ಮೇಲೆ ಸುರಿದ್ರೆ ಕಿತ್ಕೊಂಡು ಬರ್ತವೆ," ಎನ್ನುತ್ತಾರೆ ಚಿಕ್ಕಮ್ಮ. "ಮಗುಗೆ ತಲೆಸ್ನಾನ ಮಾಡಿಸೋ ಹಾಗೆ, ಪಕ್ಕದಿಂದ ಬಿಡಬೇಕು. ಹಳದಿ ಆಗಿದೆ ಅಂದ್ರೆ ಚೆನ್ನಾಗಿ ಉಂಡಿವೆ ಅಂತ ಅರ್ಥ. ಗುಲಾಬಿಯಾಗೇ ಇದ್ರೆ ನನಗೆ ಭಯ. ಮಗು ಉಣ್ಣದಿದ್ರೆ ಯಾರಿಗೆ ತಾನೇ ಚಿಂತೆ ಆಗಲ್ಲ ಹೇಳಿ?"

ಒಂದು ತಟ್ಟೆಗೆ ಹದಿನೈದು ಸೆಕೆಂಡ್. ವಾರಕ್ಕೆ ಏಳು ದಿನ. ಇಪ್ಪತ್ತಮೂರು ವರ್ಷ.

ಚಿಕ್ಕಮ್ಮ ದಕ್ಷಿಣದ ಚಿಲೊಯೆ ದ್ವೀಪದವರು. ಹದಿನಾರಕ್ಕೆ ಶಾಲೆ ಬಿಟ್ಟು, ಕಪ್ಪೆಚಿಪ್ಪಿನ ಮಾಂಸ ಬಿಡಿಸಿ ಡಬ್ಬಿಗೆ ತುಂಬುವ ಕಾರ್ಖಾನೆ ಸೇರಿದರು. ಚಾಕುವಿನ ತುದಿ ಮಾಂಸಕ್ಕೆ ತಾಗದಂತೆ ಚಿಪ್ಪು ಬಿಡಿಸುವ ಕೈಚಳಕ ಅಲ್ಲಿಯದು. ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ ಎಲೆಯುತೇರಿಯೊ ಅವರನ್ನು ಮದುವೆಯಾಗಿ ಈ ಊರಿಗೆ ಬಂದರು. ಗಂಡ ತೀರಿಕೊಂಡ ಮೇಲೆ ಪ್ರಯೋಗಾಲಯಕ್ಕೆ ಸೇರಿದ್ದು ಗಾಜಿನ ಸಾಮಾನು ತೊಳೆಯುವುದಕ್ಕೆ. ಸೋಪಿನ ಒಂದು ಹನಿ ಉಳಿದರೂ ಕೋಶಗಳು ಸಾಯುತ್ತವೆ ಎಂದು ಯಾರೋ ಹೇಳಿದ್ದೇ ತಡ, ಪ್ರತಿ ಸೀಸೆಯನ್ನೂ ಹನ್ನೆರಡು ಸಲ ನೀರಿನಲ್ಲಿ ಜಾಲಾಡತೊಡಗಿದರು. ಎಣಿಸುವುದಕ್ಕೆ ಹೆತ್ತ ಮಕ್ಕಳ ಹೆಸರು, ಅಕ್ಕತಂಗಿಯರ ಹೆಸರು, ಆಮೇಲೆ ನೆರೆಹೊರೆಯವರ ಹೆಸರು. "ಹನ್ನೆರಡನೇದು ನನ್ನ ಅತ್ತೆ ಹೆಸರು. ಅವಳನ್ನ ನೆನೆಸ್ಕೊಂಡು ಸ್ವಲ್ಪ ಜೋರಾಗೇ ಉಜ್ಜುತಿದ್ದೆ," ಎಂದು ಮೊದಲ ಬಾರಿ ತಿರುಗಿ ನಗುತ್ತಾರೆ.

ಆ ವರ್ಷ ಕೋಶ ಸಾಕುತ್ತಿದ್ದಾಕೆ ಹೆರಿಗೆ ರಜೆಗೆ ಹೋದಳು. ವಿದ್ಯಾರ್ಥಿಗಳ ಕೈಗೆ ಸಿಕ್ಕ ತಟ್ಟೆಗಳಿಗೆಲ್ಲ ಸಾಲಾಗಿ ಬೂಸ್ಟು ಹಿಡಿಯಿತು. ಆಗಿನ್ನೂ ಯುವಕರಾಗಿದ್ದ, ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಅರಿಸ್ಮೆಂದಿ, "ಈ ಸೀಸೆಗಳನ್ನು ತೊಳೆಯೋರು ಯಾರು? ಇಷ್ಟು ಚೊಕ್ಕ ಇರೋ ಕೈಗೆ ಕೊಟ್ಟು ನೋಡೋಣ," ಎಂದರಂತೆ. ಅಂದಿನಿಂದ ಕೋಶಗಳು ಚಿಕ್ಕಮ್ಮನ ಪಾಲಿಗೆ ಬಂದವು. ಬೆಟ್ಟಕ್ಕೆ ಬೆಂಕಿ ಬಿದ್ದು ಅವರ ಮನೆಯ ಮಾಡು ಸುಟ್ಟುಹೋದ ಮರುಬೆಳಗ್ಗೆಯೂ ಅವರು ಬಂದಿದ್ದರು. ಬಟ್ಟೆಗೆ ಹೊಗೆಯ ವಾಸನೆ ಇತ್ತೆಂದು ಹೊರಗೇ ನಿಂತು, ಬೇರೆ ಯಾರದೋ ಬಿಳಿ ಕೋಟು ತರಿಸಿಕೊಂಡು, ಅದನ್ನು ಹಾಕಿಕೊಂಡೇ ಒಳಗೆ ಹೋದರು. "ಮನೆ ಹೋದ್ರೆ ಮತ್ತೆ ಕಟ್ಟಬಹುದು. ಒಂದು ದಿನ ಊಟ ತಪ್ಪಿದ್ರೆ ಇವು ಎಲ್ಲಿ ಉಳೀತವೆ?"

ಇನ್ನು ರಯೆನ್‌ಳ ನೆಲ ಕಚ್ಚಿದ ಸಂಶೋಧನೆಯ ಕತೆ.

ನಮಗೆ ಹೊತ್ತುಹೊತ್ತಿಗೆ ನಿದ್ದೆ, ಹಸಿವು ಬರುವಂತೆ ಒಂದೊಂದು ಕೋಶದೊಳಗೂ ಒಂದು ಗಡಿಯಾರ ಇದೆ. ಕೆಲವು ಪ್ರೋಟೀನುಗಳು ದಿನವೂ ಒಂದು ಹೊತ್ತಿಗೆ ಏರಿ ಇನ್ನೊಂದು ಹೊತ್ತಿಗೆ ಇಳಿಯುತ್ತವೆ. ಇಲ್ಲಿಯ ಕೋಶಗಳಿಗೆ ಮಿಂಚುಹುಳದ ಬೆಳಕಿನ ಜೀನ್ ಸೇರಿಸಿದ್ದಾರೆ. ಗಡಿಯಾರ ಏರಿದಾಗ ಕೋಶ ಮಿನುಗುತ್ತದೆ, ಇಳಿದಾಗ ಮಂಕಾಗುತ್ತದೆ. ಅದೇ ಶಾಖದ ಪೆಟ್ಟಿಗೆಯ ಕತ್ತಲೆಯೊಳಗಿನ ಕ್ಯಾಮೆರಾ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಆ ಏರಿಳಿತವನ್ನು ಸಮೀಕರಣಗಳಿಗೆ ಇಳಿಸಿ, ಕಂಪ್ಯೂಟರಿನಲ್ಲಿ ಅಂಥದ್ದೇ ಒಂದು ಕೋಶ ಕಟ್ಟುವುದು ರಯೆನ್‌ಳ ಕೆಲಸ. ಕಂಪ್ಯೂಟರಿನ ಕೋಶವೂ ತಟ್ಟೆಯ ಕೋಶವೂ ಒಂದೇ ತಾಳಕ್ಕೆ ಕುಣಿದರೆ ಗೆದ್ದಂತೆ.

ಆರು ದಿನ ಕುಣಿಯುತ್ತಿದ್ದವು. ಏಳನೇ ದಿನ ತಾಳ ತಪ್ಪುತ್ತಿತ್ತು. ತಟ್ಟೆಯ ಕೋಶಗಳು ಎರಡೂವರೆ ಗಂಟೆ ತಡವಾಗಿ ಮಿನುಗುತ್ತಿದ್ದವು. ಒಂದು ವಾರವಲ್ಲ, ಎರಡು ವಾರವಲ್ಲ, ತಿಂಗಳುಗಟ್ಟಲೆ.

"ಕೋಶಕ್ಕೆ ವಾರದ ಲಯ ಇದೆ ಅಂತ ನಾನು ನಂಬಿಬಿಟ್ಟೆ," ಎಂದು ರಯೆನ್ ಹಣೆ ಚಚ್ಚಿಕೊಳ್ಳುತ್ತಾಳೆ. "ಯಾವುದೋ ಕಾಣದ ಪ್ರೋಟೀನ್ ಏಳು ದಿನ ನಿಧಾನವಾಗಿ ಶೇಖರ ಆಗುತ್ತೆ ಅಂತ ಊಹಿಸಿ ಸಮೀಕರಣಕ್ಕೆ ಸೇರಿಸಿದೆ. ತಾಳ ಕೂಡಿತು! ಅದಕ್ಕೆ ಹೆಸರೂ ಇಟ್ಟೆ. ಕೇಕ್ ಕೂಡ ತಂದ್ವಿ."

ಆ ಕೇಕ್ ಕತ್ತರಿಸಿದವರು ಚಿಕ್ಕಮ್ಮನೇ. ಹಲಗೆಯ ಮೇಲೆ ರಯೆನ್ ಬರೆದ ಗೆರೆ, ಏಳು ದಿನಕ್ಕೊಮ್ಮೆ ಆ ತಡದಿಂದ ಮೂಡಿದ ಗೂನು ಬೆನ್ನು, ಕೆಳಗೆ ತಾರೀಖುಗಳು. ಕೈಯಲ್ಲಿ ಚಾಕು ಹಿಡಿದೇ ತಾರೀಖು ಓದಿದರು. ಎಲ್ಲವೂ ಭಾನುವಾರ.

"ತಪ್ಪು ನಂದೇ ಅಂತ ಅಲ್ಲೇ ಹೊಳೀತು," ಎನ್ನುತ್ತಾರೆ. "ಭಾನುವಾರ ನಮ್ಮ ಬೆಟ್ಟಕ್ಕೆ ಮೊದಲ ಬಸ್ಸು ಬರೋದೇ ಎಂಟು ಗಂಟೆ ಹತ್ರ. ಈ ಮೊಣಕಾಲು ಇಟ್ಕೊಂಡು ನಾನೂರು ಮೆಟ್ಟಿಲು ಇಳಿಯೋಕಾಗಲ್ಲ. ನಾನು ಇಲ್ಲಿಗೆ ಬಂದು ಊಟ ಕೊಡೋ ಹೊತ್ತಿಗೆ ಎಂಟೂವರೆ. ಪುಸ್ತಕದಲ್ಲಿ ಮಾತ್ರ ದಿನಾ ಆರು ಅಂತಾನೇ ಬರೀತಿದ್ದೆ. ಆರಕ್ಕೆ ಕೊಡಬೇಕು ಅಂತ ಹೇಳಿದ್ರಲ್ಲ, ಅದಕ್ಕೆ. ಸುಳ್ಳು ಅಂತ ಅನಿಸಿರಲೇ ಇಲ್ಲ."

ಅನಿಸದೇ ಇದ್ದುದಕ್ಕೆ ಕಾರಣವೂ ಇತ್ತು. ಮೊದಲಿನ ಯಾವ ಸಂಶೋಧನೆಗೂ ಎರಡು ಗಂಟೆ ಆಚೀಚೆ ಆದರೆ ತೊಂದರೆ ಇರಲಿಲ್ಲ. ಗಡಿಯಾರದ ಕೆಲಸ ಶುರುವಾದಾಗ ಚಿಕ್ಕಮ್ಮನನ್ನು ಕೂರಿಸಿ ಹೇಳಿದವರೂ ಇಲ್ಲ. ಹೊಸ ಊಟ ಬಿದ್ದ ಕ್ಷಣ ಕೋಶ ತನ್ನ ಗಡಿಯಾರ ತಿರುಗಿಸಿಕೊಳ್ಳುತ್ತದೆ ಎಂಬುದು ಮೇಜಿನ ಆಚೆ ಕೂತವರಿಗೆ ಗೊತ್ತಿತ್ತು. ಬಸ್ಸಿನ ಸಮಯ ಮೇಜಿನ ಈಚೆ ಇರುವವರಿಗೆ ಗೊತ್ತಿತ್ತು.

ನಾಲ್ಕು ದಿನ ಅವರು ಬಾಯಿ ಬಿಡಲಿಲ್ಲ. ಹೇಳಿದರೆ ಕೆಲಸಕ್ಕೆ ಕುತ್ತು. ಹೇಳದಿದ್ದರೆ ಈ ಹುಡುಗಿ ಇಲ್ಲದ್ದನ್ನು ಲೋಕಕ್ಕೆಲ್ಲ ಸಾರಿಕೊಂಡು ಬರುತ್ತಾಳೆ. ಗುರುವಾರ ರಯೆನ್ ಪ್ರಬಂಧ ಕಳಿಸುವವಳಿದ್ದಳು. ಅಂದು ಬೆಳಗ್ಗೆ ಅವಳ ಕುರ್ಚಿಯ ಪಕ್ಕ ಹೋಗಿ ನಿಂತರು.

"ಮಗಳೇ, ನಿನ್ನ ಪ್ರೋಟೀನ್ ಇಲ್ಲ."

"ಏನು ಚಿಕ್ಕಮ್ಮ?"

"ಅದು ಪ್ರೋಟೀನ್ ಅಲ್ಲ ಕಣೆ. ಅದು ಬಸ್ಸು."

ರಯೆನ್ ಮೊದಲು ನಕ್ಕಳಂತೆ, ಆಮೇಲೆ ಶೌಚಾಲಯಕ್ಕೆ ಹೋಗಿ ಅತ್ತಳಂತೆ. ಹೊರಗೆ ಬಂದವಳು ಭಾನುವಾರದ ಊಟಕ್ಕೆ ಎಂಟೂವರೆ ಎಂದು ತಿದ್ದಿ, ಕಾಣದ ಪ್ರೋಟೀನ್ ಅಳಿಸಿ, ಲೆಕ್ಕವನ್ನು ಮತ್ತೆ ಓಡಿಸಿದಳು. ಕಂಪ್ಯೂಟರಿನ ಕೋಶ ಯಾವ ಸಹಾಯವೂ ಇಲ್ಲದೆ ತಟ್ಟೆಯ ತಾಳಕ್ಕೆ ಕುಣಿಯಿತು.

"ಅವರು ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ," ಎನ್ನುವಾಗ ಅವಳ ದನಿ ಇಳಿಯುತ್ತದೆ. "ನಾನು ಇಲ್ಲದ ವಸ್ತು ಹುಡುಕ್ತಾ ಹತ್ತು ವರ್ಷ ಕಳೀತಿದ್ದೆ. ಈ ಋಣ ಹೇಗೆ ತೀರಿಸ್ಲಿ ಹೇಳಿ."

ಪ್ರೊಫೆಸರ್ ಅರಿಸ್ಮೆಂದಿಗೆ ಅಷ್ಟು ಸುಲಭವಾಗಿ ನಂಬಿಕೆ ಬರಲಿಲ್ಲ. ಅವರು ಬೈಯಲಿಲ್ಲ, ಚಿಕ್ಕಮ್ಮನ ಪ್ರಕಾರ ಬೈದಿದ್ದರೇ ಚೆನ್ನಾಗಿತ್ತು. ಪುಸ್ತಕದಲ್ಲಿ ಒಂದು ಸುಳ್ಳು ಇದ್ದರೆ ಇನ್ನೆಷ್ಟು ಇವೆಯೋ ಎಂಬ ಅನುಮಾನ ಅವರದು. ಇನ್ನೊಮ್ಮೆ ನಾಲ್ಕು ವಾರ ಪ್ರಯೋಗ ನಡೆಸೋಣ, ಏಳೂ ದಿನ ಆರಕ್ಕೇ ಊಟ, ನಡುವೆ ಯಾರೂ ಕ್ಯಾಮೆರಾದ ದಾಖಲೆಯನ್ನು ಇಣುಕಿ ನೋಡಬಾರದು ಎಂದರು. ಗೂನು ಮಾಯವಾದರೆ ಬಸ್ಸಿನದೇ ತಪ್ಪು, ಕೋಶಗಳು ಚಿಕ್ಕಮ್ಮನ ಹತ್ತಿರವೇ ಇರುತ್ತವೆ. ಆಗದಿದ್ದರೆ ಆ ಕೈಯಲ್ಲೇ ಬೇರೆ ಏನೋ ದೋಷ ಇದೆ ಎಂದರ್ಥ. ಆಗ ಅವರು ಮತ್ತೆ ಸೀಸೆ ತೊಳೆಯುವ ಕೋಣೆಗೆ.

"ತೊಳೆಯೋದು ಕೀಳು ಕೆಲಸ ಅಂತಲ್ಲ," ಎಂದು ಕೊನೆಯ ನಾಲ್ಕು ತಟ್ಟೆಗಳನ್ನು ಪೆಟ್ಟಿಗೆಗೆ ಸೇರಿಸುತ್ತ ಹೇಳುತ್ತಾರೆ. "ಆದ್ರೆ ಸೀಸೆ ಬೆಳೆಯಲ್ಲ ನೋಡಿ. ಇವು ಬೆಳೀತವೆ."

ಇವತ್ತು ನಾಲ್ಕನೇ ಭಾನುವಾರ. ನಾಲ್ಕು ಭಾನುವಾರವೂ ರಯೆನ್ ತನ್ನ ಹಳೆಯ ಸ್ಕೂಟರಿನಲ್ಲಿ ಬೆಟ್ಟ ಹತ್ತಿ ಅವರನ್ನು ಕರೆತಂದಿದ್ದಾಳೆ.

"ಇವಳು ಗಾಡಿ ಓಡಿಸೋದಾ? ಕಣ್ಣು ಮುಚ್ಕೊಂಡು ಇರೋ ಬರೋ ಸಂತರನ್ನೆಲ್ಲ ಕರೀತೀನಿ. ಕೆಳಗೆ ಬರೋ ಹೊತ್ತಿಗೆ ಒಬ್ಬರೂ ಬಾಕಿ ಇರಲ್ಲ."

"ಮೆಲ್ಲಗೆ ಬಂದ್ರೆ 'ಆರಾಯ್ತು, ಆರಾಯ್ತು' ಅಂತ ಬೆನ್ನಿಗೆ ಗುದ್ದೋರು ಯಾರು?"

ದಾಖಲೆ ತೆರೆಯುವುದು ಹತ್ತೂವರೆಗೆ. ಅಲ್ಲಿಯವರೆಗೆ ಹೊರಗಿನ ಮೇಜಿನ ಮೇಲೆ ಬಿಸಿ ಬ್ರೆಡ್ಡಿಗೆ ಬೆಣ್ಣೆಹಣ್ಣು ಅರೆದು ಹಚ್ಚಿಟ್ಟು, ಚಹಾ ಕಾಯಿಸುತ್ತಾರೆ. ನನಗೆ ಎರಡು ಸಲ ಬಡಿಸುತ್ತಾರೆ. ಅವರ ಬ್ರೆಡ್ಡು ಮಾತ್ರ ಮುರಿದಲ್ಲೇ ಉಳಿದಿದೆ.

ಪ್ರೊಫೆಸರ್ ಹತ್ತು ನಿಮಿಷ ಮೊದಲೇ ಬರುತ್ತಾರೆ. ಎತ್ತರದ ಆಳು, ನರೆತ ಗಡ್ಡ, ಭಾನುವಾರವೂ ಇಸ್ತ್ರಿ ಮಾಡಿದ ಅಂಗಿ. ಎಲ್ಲರೂ ಪರದೆಯ ಮುಂದೆ ನಿಲ್ಲುತ್ತೇವೆ, ಚಿಕ್ಕಮ್ಮ ಎಲ್ಲರಿಗಿಂತ ಹಿಂದೆ. ರಯೆನ್ ಗುಂಡಿ ಒತ್ತುತ್ತಾಳೆ. ಎಡದಿಂದ ಬಲಕ್ಕೆ ಗೆರೆ ಮೂಡುತ್ತದೆ. ಏರು, ಇಳಿ, ಏರು, ಇಳಿ. ಮೊದಲ ಭಾನುವಾರ ಬರುತ್ತದೆ, ಹೋಗುತ್ತದೆ. ಎರಡನೆಯದು. ಮೂರನೆಯದರ ಹೊತ್ತಿಗೆ ರಯೆನ್‌ಳ ಕೈ ಬಾಯಿಗೆ ಹೋಗಿದೆ. ಇಪ್ಪತ್ತೆಂಟು ದಿನ, ಇಪ್ಪತ್ತೆಂಟು ಏರು, ಒಂದೇ ಹೊತ್ತಿಗೆ. ಎಲ್ಲಿಯೂ ಗೂನಿಲ್ಲ. ಗೆರೆಯ ಕೊನೆಯಲ್ಲಿ ಇವತ್ತು ಆಗಷ್ಟೇ ಹತ್ತು ಗಂಟೆಗೆ ಮಿನುಗಿದ ಬೆಳಕು.

ಪ್ರೊಫೆಸರ್ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸುತ್ತಾರೆ. ಪರದೆ ನೋಡುತ್ತಲೇ ಮಾತಾಡುತ್ತಾರೆ.

"ಅರವತ್ತನಾಲ್ಕು ತಟ್ಟೆ. ಒಂದರ ಗೆರೆ ಇನ್ನೊಂದರ ಮೇಲೆ ಕೂತಿದೆ. ಇಷ್ಟು ಸಮವಾದ ಕೈ ನಾನು ನೋಡಿಲ್ಲ, ಎಡೆಲ್ಮಿರಾ. ನಾನು ಅನುಮಾನ ಪಟ್ಟೆ."

"ಪಡದೇ ಇರ್ತೀರಾ? ನಾನೇ ಸುಳ್ಳು ಬರೆದಿದ್ದೆ, ಪ್ರೊಫೆಸರೇ."

"ಬಸ್ಸು ಎಷ್ಟಕ್ಕೆ ಅಂತ ಇಪ್ಪತ್ತಮೂರು ವರ್ಷ ನಾನು ಕೇಳಲಿಲ್ಲ. ಕೋಶ ನಿಮ್ಮ ಹತ್ರಾನೇ ಇರಲಿ."

ಚಿಕ್ಕಮ್ಮ ತಲೆಯಾಡಿಸುತ್ತಾರೆ. ರಯೆನ್ ಅವರ ಹೆಗಲಿಗೆ ಕೆನ್ನೆ ಒತ್ತಿ ನಿಂತುಬಿಟ್ಟಿದ್ದಾಳೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಯೋಚಿಸಿ, ನಾಚಿ, ಹೇಳುತ್ತಾರೆ: "ಒಂದು ಭಾನುವಾರ ಒಂಬತ್ತರ ತನಕ ಮಲಗಬೇಕು. ಆದ್ರೆ ಇವನ್ನ ಬಿಟ್ಟು ಹೇಗೆ?"

"ಮುಂದಿನ ವಾರ ನಾನು ಬರ್ತೀನಿ," ಎನ್ನುತ್ತಾರೆ ಪ್ರೊಫೆಸರ್. "ಆರಕ್ಕೆ."

"ನೀವಾ? ಅಯ್ಯೋ ದೇವರೇ. ನಿಮ್ಮ ಕೈಗೆ ಕೊಟ್ರೆ ಬುಧವಾರಕ್ಕೆಲ್ಲ ಬೂಸ್ಟು."

"ಹಾಗಾದ್ರೆ ಕಲಿಸಿ."

ಚಿಕ್ಕಮ್ಮ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ. "ಗಡಿಯಾರ ಬಿಚ್ಚಿ. ಉಂಗುರಾನೂ. ಮೊಣಕೈ ತನಕ ತೊಳೀರಿ, ಆಮೇಲೆ ನೋಡೋಣ."

ಪ್ರೊಫೆಸರ್ ಇಸ್ತ್ರಿ ಅಂಗಿಯ ತೋಳು ಮಡಚಿ, ತೊಟ್ಟಿಯ ಮುಂದೆ ನಿಂತು, ಉದ್ದಕ್ಕೂ ಸೋಪು ಹಚ್ಚಿ ತೊಳೆದು, ಒದ್ದೆ ಕೈಗಳನ್ನು ಮೇಲೆತ್ತಿ ತೋರಿಸುತ್ತಾರೆ. ಚಿಕ್ಕಮ್ಮ ಉಗುರುಗಳನ್ನು ಒಂದೊಂದಾಗಿ ನೋಡಿ, ತಲೆ ಅಡ್ಡ ಆಡಿಸಿ, ಮತ್ತೆ ನಲ್ಲಿ ತಿರುಗಿಸುತ್ತಾರೆ.