ಬಿಸಿಲಕ್ಕನ ಐದು ಗಂಟೆ

ಬಿಸಿಲಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಸೇರಿದ್ದು ಗಂಡ ತೀರಿಕೊಂಡ ವರ್ಷ. ಕಂಕುಳಲ್ಲಿ ಎರಡು ವರ್ಷದ ಮಗಳು. ಸೋಡಾ ನೀರಿಗೆ ಬೆರಳ ಸಂದುಗಳು ಬಿರಿದರೂ ಕೆಲಸ ಬಿಡಲಿಲ್ಲ. ಹನ್ನೆರಡು ವರ್ಷಕ್ಕೆ ಆ ಕೋಣೆಯ ಮುಖ್ಯಸ್ಥೆಯಾದಳು. ಸದಾ ತಾರಸಿಯಲ್ಲಿ ನಿಂತು ಆಕಾಶ ನೋಡುವ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಹಾಸಿಗೆಯ ಚಾದರಗಳು ಒಣಗುತ್ತಿದ್ದುದು ತಾರಸಿಯ ಹಗ್ಗಗಳ ಮೇಲೆ. ಒಣಗಲು ಎಷ್ಟು ಹೊತ್ತು ಬೇಕೆಂದು ಬೆಳಿಗ್ಗೆ ಹತ್ತರೊಳಗೆ ಕೆಳಗೆ ಸೂಪರಿಂಟೆಂಡೆಂಟರಿಗೆ ಹೇಳಬೇಕು. ತಡವಾಗುವ ಹಾಗಿದ್ದರೆ ಉಗ್ರಾಣದಿಂದ ಹೆಚ್ಚುವರಿ ಚಾದರ ತರಿಸಬೇಕು. ಹತ್ತು ದಾಟಿದರೆ ಉಗ್ರಾಣಕ್ಕೆ ಬೀಗ.

ಅವಳ ಕೈಕೆಳಗೆ ಇಬ್ಬರು, ಉದ್ದಕ್ಕ ಮತ್ತು ಗೊಣಗಮ್ಮ.

"ಎರಡು ಗಂಟೆ ಸಾಕು," ಎನ್ನುವಳು ಉದ್ದಕ್ಕ.

"ಐದಾದ್ರೂ ಬೇಕು. ಆ ಮೋಡ ನೋಡು, ಮುನಿಸ್ಕೊಂಡ ಅತ್ತೆ ಥರ ಕೂತಿದೆ."

"ನಿನಗೆ ಎಲ್ಲಿ ನೋಡಿದ್ರೂ ಅತ್ತೆನೇ ಕಾಣೋದು!"

ಮುಖ್ಯಸ್ಥೆಯಾದ ಹೊಸತರಲ್ಲಿ ಒಂದು ದಿನ ಬಿಸಿಲಕ್ಕ ರೇಗಿ, "ಮೊದಲು ಇಬ್ಬರೂ ಒಂದು ಮಾತಿಗೆ ಬನ್ನಿ, ಆಮೇಲೆ ಕೆಳಗೆ ಹೇಳ್ತೀನಿ," ಎಂದುಬಿಟ್ಟಳು. ಅವರ ಜಗಳ ಮುಗಿಯುವಷ್ಟರಲ್ಲಿ ಹತ್ತು ದಾಟಿತ್ತು. ಮಧ್ಯಾಹ್ನ ಮೋಡ ಕವಿಯಿತು, ಚಾದರ ಒಣಗಲಿಲ್ಲ. ಹಸಿ ಬಾಣಂತಿಯೊಬ್ಬಳು ಬರೀ ರಬ್ಬರ್ ಹಾಳೆಯ ಮೇಲೆ ಮಲಗಿದ್ದನ್ನು ಬಿಸಿಲಕ್ಕ ಕಣ್ಣಾರೆ ಕಂಡಳು. ಅಂದಿನಿಂದ ಅವಳದು ಒಂದೇ ಕ್ರಮ: ಇಬ್ಬರ ಮಾತನ್ನೂ ಕೇಳುವುದು, ಹೆಚ್ಚು ಹೊತ್ತು ಬೇಕೆಂದವಳ ಮಾತಿಗೆ ತಕ್ಕಂತೆ ಉಗ್ರಾಣಕ್ಕೆ ಚೀಟಿ ಬರೆಸುವುದು. ಬೇಗ ಒಣಗಿದರೆ ಮಡಚಿ ವಾಪಸ್ ಇಟ್ಟರಾಯಿತು.

ಮಗಳು ಓದಿ ಹವಾಮಾನ ಕಚೇರಿ ಸೇರಿದಳು. ಆಸ್ಪತ್ರೆಯ ಬಾಣಂತಿ ವಾರ್ಡಿಗೆ ತಗಡಿನ ಮಾಡು. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಒಲೆಯ ಬಾಯಿ. ಕೂಸುಗಳ ಮೈತುಂಬಾ ಬೆವರುಸಾಲೆ. ಮಾಡಿಗೆ ಬಿಳಿ ಬಣ್ಣ ಬಳಿದರೆ ಸಾಕೋ, ಎರಡು ಪದರದ ಹೊಸ ಮಾಡೇ ಬೇಕೋ? ಮುಂದೆ ಸೆಕೆ ಎಷ್ಟು ಏರುತ್ತದೆಂದು ತಿಳಿಯಲು ಆಸ್ಪತ್ರೆಯ ಸೂಪರಿಂಟೆಂಡೆಂಟರು ಮಗಳನ್ನೇ ಕರೆಸಿದರು. ಅರ್ಧ ಗಂಟೆಯಲ್ಲಿ ಅವಳು ಮುಖ ಊದಿಸಿಕೊಂಡು ತಾರಸಿಗೆ ಬಂದಳು.

"ಏನಾಯ್ತೇ?"

"ನಿಮ್ಮ ಲೆಕ್ಕಗಳೆಲ್ಲ ಒಂದೇ ಅಂಕಿ ಹೇಳಿದ ದಿನ ಬಾ ಅಂದ್ರು. ಗಾಳಿಲಿ ಇಂಗಾಲದ ಅನಿಲ ಎರಡರಷ್ಟಾದ್ರೆ ಭೂಮಿ ಎರಡೂವರೆ ಡಿಗ್ರಿ ಏರುತ್ತೆ ಅಂತ ಒಂದು ಲೆಕ್ಕ ಹೇಳುತ್ತೆ. ಇನ್ನೊಂದು ನಾಲ್ಕೂವರೆ ಅನ್ನುತ್ತೆ."

"ಅಷ್ಟೊಂದು ವ್ಯತ್ಯಾಸ ಯಾಕೆ?"

"ಮುಖ್ಯವಾಗಿ ಮೋಡದಿಂದಮ್ಮ. ಭೂಮಿನ ಚೌಕ ಚೌಕ ಮಾಡಿ ಲೆಕ್ಕ ಹಾಕ್ತೀವಿ. ಒಂದೊಂದು ಚೌಕ ನಮ್ಮ ಊರಿಗಿಂತ ದೊಡ್ಡದು, ಮೋಡ ಅದಕ್ಕಿಂತ ಚಿಕ್ಕದು. ಹಾಗಾಗಿ ಮೋಡಕ್ಕೆ ಒಬ್ಬೊಬ್ಬರದು ಒಂದೊಂದು ಅಂದಾಜು. ಕೆಳಗಿನ ದಟ್ಟ ಮೋಡ ಬಿಸಿಲನ್ನ ವಾಪಸ್ ಕಳಿಸುತ್ತೆ. ಮೇಲಿನ ತೆಳು ಮೋಡ ಭೂಮಿಯ ಕಾವನ್ನ ಹಿಡಿದಿಡುತ್ತೆ. ಸೆಕೆ ಏರಿದ ಹಾಗೆ ಆ ಕೆಳಗಿನ ಮೋಡ ಎಷ್ಟು ಕರಗುತ್ತೆ ಅನ್ನೋದೇ ಜಗಳ."

"ಸೆಕೆ ಏರೋದೇ ಇಲ್ಲ ಅಂತ ಯಾವುದಾದ್ರೂ ಲೆಕ್ಕ ಹೇಳುತ್ತಾ?"

"ಒಂದೂ ಇಲ್ಲ."

ಬಿಸಿಲಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ನಾಳೆ ಒಂಬತ್ತೂವರೆಗೆ ಬಾ. ಬಾಯಿ ಮಾತ್ರ ಬಿಡಬೇಡ."

ಮರುದಿನ ಚೀಟಿ ಹಿಡಿದು, ಮಗಳನ್ನು ಹಿಂದಿಟ್ಟುಕೊಂಡು ಸೂಪರಿಂಟೆಂಡೆಂಟರ ಮುಂದೆ ನಿಂತಳು. ಅವರು ಕಾಗದದಿಂದ ತಲೆ ಎತ್ತದೆ, "ಇವತ್ತು ಎಷ್ಟು ಹೊತ್ತು, ಬಿಸಿಲಕ್ಕ?" ಎಂದರು.

"ಒಬ್ಬಳು ಎರಡು ಗಂಟೆ ಅಂತಾಳೆ, ಇನ್ನೊಬ್ಬಳು ಐದು. ಇಬ್ಬರೂ ಒಂದೇ ಮಾತು ಹೇಳೋವರೆಗೂ ಕಾಯೋಣ ಅಂತಿದ್ದೀನಿ ಸಾರ್."

"ಏನು ತಲೆ ಕೆಟ್ಟಿದೆಯಾ? ಹತ್ತಕ್ಕೆ ಬೀಗ ಹಾಕ್ತಾರೆ! ಐದು ಅಂತಲೇ ಇಟ್ಕೊಂಡು ತರಿಸು."

"ಎರಡೇ ಗಂಟೇಲಿ ಒಣಗಿದ್ರೆ?"

"ಒಣಗಿದ್ರೆ ಒಳ್ಳೇದಾಯ್ತು! ಒಣಗದಿದ್ರೆ ರೋಗಿಗಳನ್ನ ಎಲ್ಲಿ ಮಲಗಿಸ್ತೀಯ?"

"ಬಾಣಂತಿಯರ ಮಾಡಿಗೂ ಅದೇ ಮಾತು ಅಲ್ವಾ ಸಾರ್? ನನ್ನ ಮಗಳ ಲೆಕ್ಕಗಳೆಲ್ಲ ಒಂದಾಗೋವರೆಗೂ ಕಾದ್ರೆ ಕೂಸುಗಳನ್ನ ಎಲ್ಲಿ ಮಲಗಿಸ್ತೀರ?"

ಅವರ ಪೆನ್ನು ನಿಂತಿತು. ಅವಳ ಬೆನ್ನ ಹಿಂದಿದ್ದ ಮಗಳನ್ನು ನೋಡಿ ಗಲ್ಲ ಕೆರೆದುಕೊಂಡರು. "ತಾಯಿ ಮಗಳು ಸೇರಿ ನನ್ನನ್ನ ಒಗೆದು ಹಿಂಡಿಬಿಟ್ರಲ್ಲ," ಎಂದು ನಕ್ಕು, ಮೊದಲು ಚಾದರದ ಚೀಟಿಗೆ, ಆಮೇಲೆ ಎರಡು ಪದರದ ಮಾಡಿನ ಕಾಗದಕ್ಕೆ ಸಹಿ ಹಾಕಿದರು.

ತಾರಸಿಗೆ ಮರಳಿದಾಗ ಉದ್ದಕ್ಕ, ಗೊಣಗಮ್ಮ ಇನ್ನೂ ಕಿತ್ತಾಡುತ್ತಿದ್ದರು. ಅಂದು ಚಾದರಗಳು ಒಣಗಲು ಹಿಡಿದದ್ದು ಮೂರೂವರೆ ಗಂಟೆ. ನಾನೇ ಗೆದ್ದೆ ಎಂದು ಇಬ್ಬರೂ ಹೇಳಿಕೊಂಡರು.